ಕರೆಗಂಟೆಯ ಕೆಳಗಿನ ಕೆಂಪು ಗುರುತು

ನನಗೆ ಅನುಮಾನ ಜಾಸ್ತಿ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಮದುವೆಯಾಗಿ ಇಷ್ಟು ವರ್ಷ ಹೇಳದಿದ್ದವರು ಈಗ ಯಾಕೆ ಹೇಳಲು ಶುರುಮಾಡಿದ್ದಾರೆ, ಇದರ ಹಿಂದೆ ಏನಿದೆ, ಯಾರು ಹೇಳಿಕೊಟ್ಟಿದ್ದಾರೆ ಎಂದು ನಾನು ಯೋಚಿಸುತ್ತಲೇ ಇದ್ದೇನೆ. ತಾರೀಖು ನೋಡದೆ ನಾನು ಹಾಲಿನ ಪ್ಯಾಕೆಟ್ಟಿಗೆ ಕತ್ತರಿ ಹಾಕುವುದಿಲ್ಲ, ನಿಜ. ಅಂಗಡಿಯವನು ತೆಂಗಿನಕಾಯಿ ಕುಟ್ಟಿ ಕೇಳಿಸಿದ ಮೇಲೆ ಇನ್ನೊಮ್ಮೆ ನಾನೇ ಕುಟ್ಟುತ್ತೇನೆ. ಅವನ ಕುಟ್ಟು ಬೇರೆ, ನನ್ನ ಕುಟ್ಟು ಬೇರೆ. ಗ್ಯಾಸ್ ಸಿಲಿಂಡರ್ ಬಂದರೆ ಸೀಲು ನೋಡುತ್ತೇನೆ. ಸೀಲು ಸರಿಯಾಗಿದ್ದರೆ, ಇಷ್ಟು ಸರಿಯಾಗಿ ಹೇಗಿದೆ ಎಂದು ಮತ್ತೊಮ್ಮೆ ನೋಡುತ್ತೇನೆ. ಇದನ್ನು ಅನುಮಾನ ಎನ್ನುವವರು ಎನ್ನಲಿ, ನಾನು ತಪಾಸಣೆ ಎನ್ನುತ್ತೇನೆ. ಮೂವತ್ತಮೂರು ವರ್ಷ ಈ ಕೆಲಸಕ್ಕೇ ನನಗೆ ಸಂಬಳ ಕೊಟ್ಟಿದ್ದಾರೆ.

ಕೆ.ಆರ್. ಪುರದ ದಾರಿಯಲ್ಲಿದ್ದ ಒಂದು ದೊಡ್ಡ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದೆ. ಹಲಸೂರಿನ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟು ಕಾರ್ಖಾನೆಯ ಬಸ್ಸು ಹಿಡಿದರೆ, ಎರಡನೆಯ ಸೈರನ್ ಮೊಳಗುವಾಗ ನಾನು ನನ್ನ ಮೇಜಿನ ಮುಂದಿರುತ್ತಿದ್ದೆ. ಒಳಗೆ ಏನೇನು ತಯಾರಾಗುತ್ತಿತ್ತು ಎಂಬುದು ನನಗೆ ಅಷ್ಟಾಗಿ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಪೆಟ್ಟಿಗೆಯ ಮೈ. ಅದರ ಮೇಲೆ ಗುರುತುಗಳು ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಬಿದ್ದಿವೆಯೇ ಎಂಬುದಷ್ಟೇ ನನ್ನ ಲೋಕ. ಈ ಗುರುತುಗಳನ್ನು ನೀವೂ ನೋಡಿರುತ್ತೀರಿ, ಆದರೆ ನೋಡಿಯೂ ನೋಡಿರುವುದಿಲ್ಲ. ಮೇಲ್ಮುಖವಾದ ಎರಡು ಬಾಣಗಳಿದ್ದರೆ ಈ ಕಡೆ ಮೇಲಿರಲಿ ಎಂದು ಅರ್ಥ. ಕಾಲುಳ್ಳ ಗಾಜಿನ ಲೋಟವಿದ್ದರೆ ಒಳಗಿರುವುದು ಒಡೆಯುವ ವಸ್ತು. ಛತ್ರಿಯಿದ್ದರೆ ನೆನೆಯಬಾರದು. ಸೂರ್ಯನಿದ್ದರೆ ಬಿಸಿಲಿಗಿಡಬಾರದು. ಡಬ್ಬದ ಮೇಲೆ ಡಬ್ಬ ಬರೆದು ಅಂಕಿ ಹಾಕಿದ್ದರೆ, ಅಷ್ಟಕ್ಕಿಂತ ಹೆಚ್ಚು ಪೇರಿಸಬಾರದು. ಯಾವ ಊರಿನ, ಯಾವ ಭಾಷೆಯ ಹಮಾಲಿಗೂ ತಿಳಿಯಲಿ ಎಂದು ಬುದ್ಧಿವಂತರು ಮಾಡಿಟ್ಟ ಚಿತ್ರಗಳಿವು. ಎಲ್ಲ ಸರಿಯಿದ್ದರೆ ಗುರುತಿನ ಕೆಳಗೆ ಕೆಂಪು ಮೇಣದ ಪೆನ್ಸಿಲಿನಲ್ಲಿ ನನ್ನ ಚಿಕ್ಕ ಸಹಿ. ಆ ಸಹಿ ಬೀಳದೆ ಒಂದು ಪೆಟ್ಟಿಗೆಯೂ ಗೇಟು ದಾಟುತ್ತಿರಲಿಲ್ಲ. ನಿವೃತ್ತಿಯ ದಿನ ಎಲ್ಲರಿಗೂ ಕೊಡುವಂತೆ ನನಗೂ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಡಬ್ಬ ಬಿಚ್ಚುವ ಮೊದಲೇ ನನಗೆ ಅನುಮಾನವಿತ್ತು. ನಾನು ಬಾಯಿಬಿಟ್ಟು ಕೇಳಿ ತಂದದ್ದು ಕೆಂಪು ಪೆನ್ಸಿಲುಗಳ ಒಂದು ಡಬ್ಬಿಯನ್ನು ಮಾತ್ರ.

ಈ ಚಿತ್ರಗಳು ಜನರ ತಲೆಯಲ್ಲಿ ಏನೇನೋ ಎಬ್ಬಿಸುತ್ತವೆ ಎನ್ನುವುದು ನನಗೆ ಆಗಲೇ ತಿಳಿಯಬೇಕಿತ್ತು. ಒಮ್ಮೆ ನಮ್ಮ ಗೇಟಿಗೆ ಹೊಸ ಸೆಕ್ಯುರಿಟಿ ಆಫೀಸರು ಬಂದರು. ಮಿಲಿಟರಿಯಲ್ಲಿದ್ದವರು, ದೊಡ್ಡ ಮೀಸೆ. ಬಂದ ಮೂರನೆಯ ದಿನವೇ ಒಂದು ಲಾರಿ ನಿಲ್ಲಿಸಿ, ನನ್ನನ್ನು ಕರೆಸಿ, ಪೆಟ್ಟಿಗೆಯ ಮೇಲಿನ ಲೋಟವನ್ನು ಲಾಠಿಯಿಂದ ತೋರಿಸಿ, "ಮೇಡಂ, ಸರ್ಕಾರದ ಪೆಟ್ಟಿಗೆ ಮೇಲೆ ಡ್ರಿಂಕ್ಸ್ ಗ್ಲಾಸ್ ಯಾಕಿದೆ?" ಎಂದರು. ಒಡೆಯುವ ಸಾಮಾನು ಸಾರ್ ಎಂದೆ. "ಬಾಟಲೀನೂ ಒಡೆಯುತ್ತೆ" ಎಂದು ಹೇಳಿ ಹನ್ನೊಂದು ಪೆಟ್ಟಿಗೆಗಳನ್ನು ಬಿಚ್ಚಿಸಿದರು. ಒಳಗೆ ಇದ್ದದ್ದು ಬರೀ ಮೀಟರುಗಳು. ಅವರಿಗೆ ತುಂಬಾ ನಿರಾಸೆಯಾಯಿತು. ನನಗೆ ಮಾತ್ರ ಅವರ ಮೇಲೆ ಗೌರವ ಹುಟ್ಟಿತು. ಅನುಮಾನ ಪಡುವವರನ್ನು ಕಂಡರೆ ನನಗೆ ತವರು ಮನೆಯವರನ್ನು ಕಂಡಂತಾಗುತ್ತದೆ.

ಈಗ ನಾವಿರುವುದು ರಾಮಮೂರ್ತಿ ನಗರದಲ್ಲಿ, ಹನ್ನೆರಡು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ. ಜಾಗ ಮುನಿರಾಜು ಅವರದು. ಅವರ ತಂದೆಯ ಕಾಲದಲ್ಲಿ ಇಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಮುನಿರಾಜು ಕೆಳಗಿನ ಮನೆಗಳನ್ನು ತಮಗೂ ತಮ್ಮ ಇಬ್ಬರು ಮಕ್ಕಳಿಗೂ ಇಟ್ಟುಕೊಂಡು, ಮೇಲಿನವನ್ನು ಮಾರಿ, ಸಂಘದ ಅಧ್ಯಕ್ಷರಾಗಿದ್ದಾರೆ. ಚುನಾವಣೆ ನಡೆದ ನೆನಪು ನನಗಿಲ್ಲ. ಕೇಳಿದರೆ, "ನಮ್ ಹೊಲ್ದಲ್ಲಿ ನಾವ್ ಅಧ್ಯಕ್ಷರಾಗ್ದೆ ಇನ್ಯಾರ್ ಆಗ್ತಾರೆ ಮೇಡಂ" ಎನ್ನುತ್ತಾರೆ. ನಮ್ಮ ವಾಚ್‌ಮನ್ ಶರಣಪ್ಪ, ಯಾದಗಿರಿ ಕಡೆಯವನು, ನಲವತ್ತೈದರ ಆಸುಪಾಸು. ಅವನ ಹೆಂಡತಿ ಮಹಾದೇವಿ ಮೆಟ್ಟಿಲು ಗುಡಿಸಿ ಒರೆಸುತ್ತಾಳೆ. ಗೇಟಿನ ಪಕ್ಕದ ಒಂದು ಕೋಣೆಯೇ ಅವರ ಮನೆ. ಕೆಲಸ ಹೋದರೆ ಕೋಣೆಯೂ ಹೋಯಿತು. ಎಲ್ಲರ ಪಾರ್ಸೆಲ್ಲುಗಳೂ ಮೊದಲು ಆ ಕೋಣೆಗೇ ಬಂದು ಬೀಳುತ್ತವೆ. ಇವತ್ತಿನ ಜನ ಉಪ್ಪಿನಿಂದ ಸೋಫಾದವರೆಗೆ ಎಲ್ಲವನ್ನೂ ಪಾರ್ಸೆಲ್ಲಿನಲ್ಲೇ ತರಿಸುತ್ತಾರೆ. ಅಂಗಡಿಗೆ ಹೋದರೆ ತೆಂಗಿನಕಾಯಿಯನ್ನಾದರೂ ಕುಟ್ಟಿ ನೋಡಬಹುದು, ಪಾರ್ಸೆಲ್ಲಿನಲ್ಲಿ ಏನನ್ನು ಕುಟ್ಟುವುದು?

ನಮ್ಮ ಯಜಮಾನರೂ ಒಂದು ಸಲ ನನ್ನ ಮಾತು ಮೀರಿ ಉಪ್ಪಿನಕಾಯಿಗೆಂದು ಪಿಂಗಾಣಿ ಜಾಡಿ ತರಿಸಿದರು. ಒಂದು ಜಾಡಿ ತರಿಸಿದ್ದು, ಏಳು ಚೂರು ಬಂತು. ನಾನು ನೇರವಾಗಿ ಶರಣಪ್ಪನ ಕೋಣೆಗೆ ಇಳಿದು ಹೋದೆ. ಅಲ್ಲಿದ್ದ ಡಬ್ಬಗಳನ್ನು ಒಂದೊಂದಾಗಿ ತಪಾಸಣೆ ಮಾಡಿದೆ. ಬಾಣಗಳೆಲ್ಲ ಪಾತಾಳ ನೋಡುತ್ತಿದ್ದವು. ಛತ್ರಿಯ ಡಬ್ಬದ ಮೇಲೆ ನೀರಿನ ಕ್ಯಾನು. ಲೋಟದ ಗುರುತಿನ ಮೇಲೆ ಯಾರದೋ ವ್ಯಾಯಾಮದ ಕಬ್ಬಿಣದ ಗುಂಡು.

"ಏನಪ್ಪಾ ಶರಣಪ್ಪ, ಇಷ್ಟು ದೊಡ್ಡದಾಗಿ ಲೋಟ ಬರೆದಿದಾರೆ, ನಿನಗೆ ಕಾಣಲಿಲ್ವಾ?" ಎಂದೆ.

"ಕಂಡದ್ರಿ ಅಮ್ಮಾರ. ಲೋಟ ಅದ, ಬಾಣ ಅದ, ಛತ್ರಿ ಅದ. ಎಲ್ಲಾ ಡಬ್ಬಿ ಮ್ಯಾಗೂ ಇರ್ತಾವ. ಲಾರಿ ಹಿಂದ ನವಿಲು ಬರೀತಾರಲ್ರಿ, ಹಂಗ ಚಂದ ಕಾಣ್ಲಿ ಅಂತ ಬರ್ದಾರ ಅಂತ ಮಾಡಿದ್ದೆ."

ಬೈಯಲು ಬಾಯಿ ತೆರೆದಿದ್ದ ನಾನು ಮುಚ್ಚಿದೆ. ತಪ್ಪು ಅವನದಲ್ಲ. ಯಾರೂ ಹೇಳಿಕೊಡದ ಮೇಲೆ ಲೋಟವೂ ಒಂದೇ, ನವಿಲೂ ಒಂದೇ. ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಪಾಠ ಶುರುವಾಯಿತು. ಹಳೆಯ ರಟ್ಟಿನ ಡಬ್ಬಗಳಿಂದ ಗುರುತುಗಳನ್ನು ಕತ್ತರಿಸಿ ತೆಗೆದು, ದಿನಕ್ಕೊಂದರಂತೆ ಇಪ್ಪತ್ತು ನಿಮಿಷ ಹೇಳಿಕೊಟ್ಟೆ. ಅವನೂ ತಲೆಗೆ ಟೋಪಿ ಹಾಕಿಕೊಂಡು, ಕೈ ಕಟ್ಟಿ, ಸರಿಯಾದ ಸಮಯಕ್ಕೆ ನಿಲ್ಲುತ್ತಿದ್ದ. ಕೇಳಿದ್ದನ್ನು ಬರೆದು ತೋರಿಸುತ್ತಿದ್ದ. ಛತ್ರಿಯ ಹಿಡಿಕೆಯನ್ನು ಮಾತ್ರ ಪ್ರತಿ ಸಲವೂ ಎಡಕ್ಕೆ ಬಾಗಿಸುತ್ತಿದ್ದ. ನಾಲ್ಕು ಸಲ ತಿದ್ದಿದೆ. "ಎಡಗೈಲೆ ಹಿಡದ್ರ ಮಳಿ ಬರ್ತದೇನ್ರಿ?" ಎಂದ. ಪೇರಿಸುವ ಮಿತಿಯ ಗುರುತು ಕಲಿತ ದಿನ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ, "ಇಂಥಾದ್ದು ಮನಷ್ಯಾರಿಗೂ ಇದ್ದಿದ್ರ ಚಲೋ ಇತ್ರಿ" ಎಂದ. ಪಾಠದ ಹೊತ್ತಿನಲ್ಲಿ ಬೇರೆ ಮಾತು ಬೇಡ ಎಂದೆ. ಆ ಮಾತನ್ನು ನಾನು ಅಲ್ಲೇ ಹಿಡಿದು ತಪಾಸಣೆ ಮಾಡಬೇಕಿತ್ತು.

ಒಂಬತ್ತನೆಯ ದಿನ ಹೇಳಿಕೊಟ್ಟದ್ದು ಸಾಮಾನ್ಯ ಡಬ್ಬಗಳ ಮೇಲೆ ಕಾಣದ ಗುರುತು, ಭಾರವಾದ ಮರದ ಪೆಟ್ಟಿಗೆಗಳ ಮೇಲೆ ಮಾತ್ರ ಇರುವಂಥದ್ದು. ಒಂದು ದುಂಡು, ಅದನ್ನು ಹಾದು ಹೊರಗೆ ಚಾಚಿದ ಒಂದು ಅಡ್ಡಗೆರೆ, ಒಂದು ಉದ್ದಗೆರೆ. "ಪೆಟ್ಟಿಗೆಯ ಭಾರ ಯಾವಾಗಲೂ ನಡುವೆಯೇ ಇರುತ್ತೆ ಅಂದ್ಕೋಬೇಡ. ಕೆಲವು ಸಲ ಒಂದು ಮೂಲೆಯಲ್ಲಿರುತ್ತೆ, ಹೊರಗಿನಿಂದ ಗೊತ್ತಾಗಲ್ಲ. ಈ ಗುರುತು ಇದ್ದ ಕಡೆ ನೋಡಿ ಹಿಡಿಯಬೇಕು. ಹೇಗೆ ಬೇಕೋ ಹಾಗೆ ಹಿಡಿದರೆ ಇಡೀ ಪೆಟ್ಟಿಗೆ ಮಗುಚಿ ಕಾಲ ಮೇಲೇ ಬೀಳುತ್ತೆ" ಎಂದು ವಿವರಿಸಿದೆ. "ಇಂಥಾ ಪೆಟ್ಟಿಗಿ ನಮ್ಮ ಬಿಲ್ಡಿಂಗಿನ್ಯಾಗ ಅವ ಏನ್ರಿ ಅಮ್ಮಾರ?" ಎಂದು ಕೇಳಿದ. ಇಲ್ಲ, ಆದರೂ ಕಲಿತಿರು ಎಂದೆ. ಅವನು ನನ್ನನ್ನು ಒಂದು ಕ್ಷಣ ನೋಡಿ, ತಲೆ ಆಡಿಸಿ, ಅದನ್ನು ಬಹಳ ಅಚ್ಚುಕಟ್ಟಾಗಿ ಬರೆದುಕೊಂಡ.

ಕೊನೆಯ ದಿನ ಪರೀಕ್ಷೆ. ಶರಣಪ್ಪ ಪಾಸಾದ. ಬಹುಮಾನವಾಗಿ ನನ್ನ ಡಬ್ಬಿಯಿಂದ ಒಂದು ಕೆಂಪು ಪೆನ್ಸಿಲು ತೆಗೆದು ಕೊಟ್ಟು, ನನ್ನ ಸೇವಾವಧಿಯ ಸಾರವನ್ನೆಲ್ಲ ಎರಡು ಮಾತಿನಲ್ಲಿ ಹೇಳಿದೆ. "ಗುರುತು ಪೆಟ್ಟಿಗೆಯ ಚಂದಕ್ಕಲ್ಲ, ನಾಳೆ ಬಂದು ಹೊರುವವನಿಗೆ. ಗೊತ್ತಿದ್ದವನು ಗೊತ್ತಿಲ್ಲದವನಿಗೆ ಬರೆದಿಟ್ಟು ಹೋಗಬೇಕು." ಆವತ್ತಿನಿಂದ ಕೋಣೆಯಲ್ಲಿ ಪಾರ್ಸೆಲ್ಲುಗಳು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ನಿಂತವು, ಬಾಣಗಳೆಲ್ಲ ಆಕಾಶದ ಕಡೆಗೆ. ಒಂದೂ ಒಡೆಯಲಿಲ್ಲ. ಎರಡು ವಾರ ನೋಡಿದೆ. ಇಷ್ಟು ಸರಿಯಾಗಿ ಹೇಗೆ ನಡೆಯುತ್ತಿದೆ ಎಂದು ನನಗೆ ಒಳಗೊಳಗೇ ಅನುಮಾನ ಶುರುವಾಯಿತು.

ಅಷ್ಟರಲ್ಲಿ ಶರಣಪ್ಪನ ಅಕ್ಕನ ಮಗಳ ಮದುವೆ ಬಂತು. ಗಂಡ ಹೆಂಡತಿ ಇಬ್ಬರೂ ಎಂಟು ದಿನ ಊರಿಗೆ ಹೊರಟರು. ಬದಲಿಗೆ ಏಜೆನ್ಸಿಯವರು ಒಬ್ಬ ವಯಸ್ಸಾದವರನ್ನು ಕಳಿಸುತ್ತಾರೆಂದು ಗೊತ್ತಾಯಿತು. ಶನಿವಾರ ಸಂಜೆ ಹೇಳಿಹೋಗಲು ಬಂದ ಶರಣಪ್ಪ, "ಅಮ್ಮಾರ, ನೀವು ಹೇಳಿದಂಗ ನಾಳಿ ಬರೋ ಮನಷ್ಯಾಗ ಎಲ್ಲಾ ಬರ್ದಿಟ್ಟು ಹೊಂಟೀನ್ರಿ" ಎಂದ. ರಿಜಿಸ್ಟರ್ ಪುಸ್ತಕದಲ್ಲಿ ಬರೆದಿಡುತ್ತಾನೆಂದು ತಿಳಿದು ಭೇಷ್ ಎಂದೆ. ಏಳು ಗಂಟೆಗೆ ನಮ್ಮ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಬೆಳಿಗ್ಗೆ ಐದೂವರೆಗೇ. ಹಾಕಿದೆವು.

ಭಾನುವಾರ ಬೆಳಿಗ್ಗೆ ಐದೂವರೆಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದವಳು ಹಾಗೇ ನಿಂತೆ. ಕರೆಗಂಟೆಯ ಕೆಳಗೆ, ಗೋಡೆಯ ಮೇಲೆ, ಕೆಂಪು ಬಣ್ಣದಲ್ಲಿ ಒಂದು ದುಂಡು. ದುಂಡಿನ ಮೇಲೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಬಂದೂಕಿನಲ್ಲಿ ಗುರಿ ಹಿಡಿಯುವಾಗ ಕಾಣುತ್ತದಲ್ಲ, ಅದೇ ಥರ. ಕಳ್ಳರು ಹಗಲಲ್ಲಿ ಬಂದು ಬಾಗಿಲುಗಳಿಗೆ ಗುರುತು ಹಾಕಿ ಹೋಗುತ್ತಾರೆ, ಎಚ್ಚರ, ಎಂಬ ಸಂದೇಶವನ್ನು ಹಿಂದಿನ ವಾರವಷ್ಟೇ ನಾನು ಮೂರು ಗುಂಪುಗಳಿಗೆ ಕಳಿಸಿದ್ದೆ. ಮೂವತ್ತಮೂರು ವರ್ಷ ನಾನೇ ಅಳೆದು, ನೋಡಿ, ಸಹಿ ಹಾಕಿದ ಗುರುತದು; ಒಂದು ತಿಂಗಳ ಹಿಂದೆ ನಾನೇ ಹೇಳಿಕೊಟ್ಟದ್ದು. ಪೆಟ್ಟಿಗೆಯ ಮೇಲಿದ್ದಿದ್ದರೆ ಕತ್ತಲಲ್ಲಿ ಕೈಯಾಡಿಸಿಯೇ ಹೇಳುತ್ತಿದ್ದೆ. ನನ್ನ ಬಾಗಿಲಿನ ಪಕ್ಕ ಕಂಡಾಗ ನನಗೆ ಕಳ್ಳರಷ್ಟೇ ಕಂಡರು. ಫೋಟೋ ತೆಗೆದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. "ನಮ್ಮ ಬಾಗಿಲ ಬಳಿ ಅಪರಿಚಿತ ಗುರುತು. ಗುರಿಯಿಟ್ಟಂತಿದೆ. ಎಲ್ಲರೂ ತಂತಮ್ಮ ಬಾಗಿಲು ಪರೀಕ್ಷಿಸಿಕೊಳ್ಳಿ." ಇಷ್ಟು ಬರೆದು, ಫೋನನ್ನು ಮನೆಯಲ್ಲೇ ಇಟ್ಟು, ವಾಕಿಂಗಿಗೆ ಹೋದೆ. ಕಳ್ಳರು ಬಂದರೂ ನನ್ನ ವಾಕಿಂಗ್ ಐದೂ ನಲವತ್ತಕ್ಕೆ. ಫೋನು ಜೊತೆಗೆ ಬರುವುದಿಲ್ಲ.

ಏಳು ಗಂಟೆಗೆ ವಾಪಸು ಬಂದಾಗ ಗುಂಪಿನಲ್ಲಿ ಎಂಬತ್ತನಾಲ್ಕು ಸಂದೇಶಗಳಿದ್ದವು. ಎಲ್ಲರ ಬಾಗಿಲ ಪಕ್ಕದಲ್ಲೂ ಗುರುತು, ಪ್ರತಿಯೊಂದೂ ಬೇರೆ ಬೇರೆ. ಎದುರುಮನೆಯ ಸ್ಟೆಲ್ಲಾ ಟೀಚರ್, ಶಿವಾಜಿನಗರದ ಶಾಲೆಯೊಂದರಲ್ಲಿದ್ದು ನಿವೃತ್ತರಾದವರು, ಧ್ವನಿಸಂದೇಶ ಕಳಿಸಿದ್ದರು: "ಕರ್ತರೇ! ನಮ್ಮನೆಗೆ ಅಂಬ್ರೆಲ್ಲಾ ಹಾಕಿದಾರೆ ಮೇಡಂ, ಮಳೆ ಬರೋ ದಿನ ನೋಡಿ ಬರ್ತಾರೆ ಅಂತಾನಾ?" ಮೇಲಿನ ಮಹಡಿಯಲ್ಲಿ ಸೂರ್ಯ, ಹಾಗಾದರೆ ಅಲ್ಲಿಗೆ ಹಗಲು ಹೊತ್ತಿನಲ್ಲಿ ಬರುತ್ತಾರೆ. ಅಧ್ಯಕ್ಷರ ಬಾಗಿಲ ಬಳಿ ಡಬ್ಬದ ಮೇಲೆ ಡಬ್ಬ. ಅದರ ಅರ್ಥ ಇಲ್ಲಿ ಪೆಟ್ಟಿಗೆ ತುಂಬ ಒಡವೆಯಿದೆ ಎಂದು ಅಧ್ಯಕ್ಷರೇ ಹೇಳಿಬಿಟ್ಟಿದ್ದರು. ಆರು ಗಂಟೆಗೆ ಬಂದ ಬದಲಿ ತಾತನನ್ನು ಹಿಡಿದು ವಿಚಾರಿಸಿದರೆ, ಕಿವಿ ಮಂದವಾಗಿದ್ದ ಆ ತಾತ, "ನಂಗೇನೂ ತಿಳೀದು ಸಾಮಿ. ಬಾಗ್ಲಲ್ಲೆಲ್ಲಾ ಗುರುತು ಹಾಕಿದೀನಿ, ನೋಡ್ಕೊಂಡು ಕೆಲ್ಸ ಮುಗ್ಸು ಅಂತ ಶರಣಪ್ಪ ಫೋನಲ್ಲಿ ಹೇಳ್ದ" ಎಂದಿದ್ದರು. ಇನ್ನು ಕೇಳಬೇಕೆ? ಗುರುತು ಹಾಕಿ, ಕೋಣೆಗೆ ಬೀಗ ಜಡಿದು, ಹೆಂಡತಿಯ ಸಮೇತ ಪರಾರಿ. ಫೋನು ಸ್ವಿಚ್ ಆಫ್. ಹತ್ತು ಗಂಟೆಗೆ ಪಾರ್ಕಿಂಗ್ ಜಾಗದಲ್ಲಿ ತುರ್ತು ಸಭೆ. ಶರಣಪ್ಪನನ್ನು ಕೆಲಸದಿಂದ ತೆಗೆಯುವುದೊಂದೇ ವಿಷಯ.

ಸ್ಟೆಲ್ಲಾ ಟೀಚರ್ ಕಳಿಸಿದ ಛತ್ರಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಿಡಿಕೆ ಎಡಕ್ಕೆ ಬಾಗಿತ್ತು.

ನಾನು ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಯಜಮಾನರು ಪೇಪರಿನಿಂದ ತಲೆಯೆತ್ತಲಿಲ್ಲ.

"ರೀ, ಇವು ನಾನು ಹೇಳಿಕೊಟ್ಟ ಗುರುತುಗಳು ಕಣ್ರೀ" ಎಂದೆ.

"ಗೊತ್ತು. ಪೆನ್ಸಿಲ್ಲೂ ನಿಂದೇ."

"ಗೊತ್ತಿದ್ದೂ ಸುಮ್ಮನಿದ್ರಾ?"

"ನೀನು ತಪಾಸಣೆ ಮಾಡಿ ಕಳಿಸಿದ ಮೇಲೆ ನಾನು ಅಡ್ಡ ಮಾತಾಡೋದುಂಟಾ?"

ಆ ಮೂರು ಗಂಟೆಗಳಲ್ಲಿ ನನ್ನ ಮನಸ್ಸಿನಲ್ಲಿ ಓಡಿದ ಯೋಚನೆಗಳನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಲೆಕ್ಕ ತಪ್ಪಿಸಬಾರದು. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ? ನನ್ನ ಪಾಠದ ವಿಷಯ ಯಾರಿಗೂ ಗೊತ್ತಿಲ್ಲ. ಈ ಕಟ್ಟಡದಲ್ಲಿ ನಾನೆಂದರೆ ಶಿಸ್ತು, ನಾನೆಂದರೆ ಖಚಿತ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟವರು ನನ್ನ ಹೆಜ್ಜೆ ಸದ್ದು ಕೇಳಿದರೆ ಎತ್ತಿಟ್ಟುಕೊಳ್ಳುತ್ತಾರೆ. ಅಂಥವಳು ತನ್ನ ಗುರುತನ್ನು ತಾನೇ ಗುರುತಿಸದೆ ಹನ್ನೆರಡು ಮನೆಯವರನ್ನು ನಡುಗಿಸಿದಳೆಂದು ತಿಳಿದರೆ ಆ ಚಪ್ಪಲಿಗಳ ಗತಿಯೇನು? ಏಜೆನ್ಸಿಯವರು ಶರಣಪ್ಪನಿಗೆ ಮಾರತ್ತಹಳ್ಳಿಯಲ್ಲೋ ಕಮ್ಮನಹಳ್ಳಿಯಲ್ಲೋ ಬೇರೆ ಕಟ್ಟಡ ಕೊಟ್ಟಾರು. ಹೀಗೆಲ್ಲ ಸಮಾಧಾನ ಮಾಡಿಕೊಂಡು, ಗಾಳಿಗೆಂದು ಕೆಳಗಿಳಿದೆ. ಅವನ ಕೋಣೆಯ ಕಿಟಕಿಯ ಸರಳುಗಳ ಹಿಂದೆ, ನಾನು ಪಾಠಕ್ಕೆಂದು ಕತ್ತರಿಸಿ ಕೊಟ್ಟಿದ್ದ ರಟ್ಟಿನ ತುಂಡುಗಳನ್ನು ಸಾಲಾಗಿ ಒರಗಿಸಿಟ್ಟಿದ್ದ. ಬಾಣಗಳು ಮೇಲ್ಮುಖವಾಗಿದ್ದವು. ಊರಿಗೆ ಹೊರಡುವ ಅವಸರದಲ್ಲೂ ಒಂದೂ ತಲೆಕೆಳಗಾಗಿರಲಿಲ್ಲ.

ಸಭೆಯಲ್ಲಿ ಮುನಿರಾಜು ನಿಂತೇ ಮಾತಾಡಿದರು. "ನಮ್ ಅನ್ನ ತಿಂದು ನಮ್ ಬಾಗ್ಲಿಗೇ ಗುರುತು ಹಾಕವ್ನೆ! ಬೇರೆಯವ್ನ ಕಳ್ಸಿ ಅಂತ ಏಜೆನ್ಸಿಗೆ ಹೇಳ್ಬಿಡೋಣ. ಕೋಣೆ ಬೀಗ ಒಡ್ದು ಅವ್ನ ಸಾಮಾನು ಆಚೆಗಿಡೋಣ. ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳ್ಬೋದು."

ಯಜಮಾನರು ನನ್ನನ್ನು ನೋಡದೆ ಮೇಲಿನ ಟ್ಯೂಬ್‌ಲೈಟು ನೋಡುತ್ತಿದ್ದರು. ನಾನು ಎದ್ದು ನಿಂತೆ. "ಗುರುತು ಹಾಕಿದ್ದು ಶರಣಪ್ಪ. ಅದನ್ನು ಕಲಿಸಿದ್ದು ನಾನು. ಪೆನ್ಸಿಲ್ ನನ್ನದು. ಗೊತ್ತಿಲ್ಲದವರಿಗೆ ಬರೆದಿಟ್ಟು ಹೋಗು ಅಂತ ಹೇಳಿದವಳೂ ನಾನೇ. ಅವನನ್ನು ತೆಗೆಯುವುದಾದರೆ ಮೊದಲು ನನ್ನನ್ನು ಗ್ರೂಪಿನಿಂದ ತೆಗೆಯಿರಿ" ಎಂದೆ. ಕೊನೆಯ ಮಾತಿಗೆ ಕೆಲವರ ಮುಖದಲ್ಲಿ ಆಸೆ ಮೂಡಿದ್ದನ್ನು ಗಮನಿಸಿದೆ.

ಮುನಿರಾಜು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಅಲ್ಲಾ ಮೇಡಂ, ನೀವೇ ಕಲ್ಸಿ, ನೀವೇ ಫೋಟೋ ಹಾಕಿ, ನೀವೇ ವಾಕಿಂಗ್ ಹೋದ್ರಾ?"

ಹೌದು ಎಂದೆ.

"ಸರಿ, ಹಂಗಾದ್ರೆ ನಮ್ಮನೆ ಗುರುತಿಗೆ ಅರ್ಥ ಏನು, ಹೇಳಿ."

ಇಲ್ಲಿ ಸಿಕ್ಕಿಬಿದ್ದೆ. ಪೆಟ್ಟಿಗೆಯ ಮೇಲಾದರೆ ಅರ್ಥ ಹೇಳಬಲ್ಲೆ. ಮನೆಯ ಮೇಲೆ ಶರಣಪ್ಪ ಏನೆಂದುಕೊಂಡು ಬರೆದಿದ್ದಾನೋ? ಸ್ಟೆಲ್ಲಾ ಟೀಚರ್‌ಗೆ ಛತ್ರಿ ಹಾಕಿದ್ದು ಅವರು ಮಾತೆತ್ತಿದರೆ ಅಳುತ್ತಾರೆಂದೇ? ಸೂರ್ಯ ಯಾರ ಕೋಪಕ್ಕೆ? ನನ್ನ ಅನುಮಾನವನ್ನೆಲ್ಲ ಅಲ್ಲಿ ಬಾಯಿಬಿಟ್ಟು ಹೇಳಿದ್ದರೆ ಶರಣಪ್ಪನ ಕೆಲಸದ ಜೊತೆ ನಮ್ಮ ಮನೆಯೂ ಖಾಲಿಯಾಗುತ್ತಿತ್ತು. ಅಷ್ಟರಲ್ಲಿ ಮುನಿರಾಜು ಅವರ ಫೋನು ಬಡಿದುಕೊಂಡಿತು. ಊರು ತಲುಪಿ ಫೋನಿಗೆ ಚಾರ್ಜು ಹಾಕಿದ ಶರಣಪ್ಪ, ಹದಿನೇಳು ಮಿಸ್ಡ್ ಕಾಲ್ ನೋಡಿ ಗಾಬರಿಯಿಂದ ಮಾಡಿದ್ದ. ಅಧ್ಯಕ್ಷರು ಸ್ಪೀಕರ್ ಹಾಕಿ ಫೋನನ್ನು ಕಾರಿನ ಬಾನೆಟ್ ಮೇಲಿಟ್ಟರು.

"ಯಾಕ್ರಿ ಸಾಹೇಬ್ರ, ತಾತಾಗ ತಿಳೀಲಿಲ್ಲೇನ್ರಿ? ತಾತಾಗ ಓದಾಕ ಬರಂಗಿಲ್ಲ, ಕಿವೀನೂ ಮಂದ, ಅದಕ್ಕ ಚಿತ್ರ ಬರ್ದು ಬಂದೀನ್ರಿ. ಟೀಚರಮ್ಮ ಬಾಗಲ ಮುಂದ ಕುಂಡ ಇಟ್ಟಾರ್ರಿ, ನೀರು ಹರೀತದ, ಪಾರ್ಸೆಲ್ ನೆಲಕ್ಕ ಇಟ್ರ ತೋಯ್ತದ, ಅದಕ್ಕ ಛತ್ರಿ. ಮ್ಯಾಲಿನ ಮನಿ ಸಾರು ನೈಟ್ ಡ್ಯೂಟಿ ಮಾಡಿ ಹಗಲಿ ಮಲಗ್ತಾರ್ರಿ, ಬಿಸಿಲಿರೋ ತನಕ ಬೆಲ್ ಹೊಡೀಬಾರದು, ಅದಕ್ಕ ಸೂರ್ಯ."

"ನಮ್ಮನೆಗೆ ಬಾಣ ಯಾಕಪ್ಪಾ?" ಎಂದು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಒಂದು ಸಣ್ಣ ದನಿ ಕೇಳಿತು. ನಮ್ಮ ಪಕ್ಕದ ಮನೆಯ ಅಜ್ಜ, ಸೊಂಟದ ಆಪರೇಷನ್ ಆದವರು.

"ಅಜ್ಜಾರ, ನಿಮಗ ಬಗ್ಗಾಕ ಆಗಂಗಿಲ್ಲಲ್ರಿ. ಸಾಮಾನು ನೆಲಕ್ಕ ಇಟ್ಟು ಹೋಗಬ್ಯಾಡ, ಮ್ಯಾಲೆತ್ತಿ ಕೈಯಾಗ ಕೊಡು ಅಂತ ಹಾಕೀನ್ರಿ."

ಅಜ್ಜ ಕೋಲಿನಿಂದ ನೆಲವನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ಅಧ್ಯಕ್ಷರೇ ಗಂಟಲು ಸರಿಮಾಡಿಕೊಂಡು, "ನಮ್ಮನೇದು ಹೇಳಪ್ಪಾ" ಎಂದರು, ದನಿ ಇಳಿದಿತ್ತು.

"ನಿಮ್ಮದು ಡಬ್ಬಿ ಮ್ಯಾಲ ಡಬ್ಬಿ, ಮೂರು ಅಂತ ಹಾಕೀನ್ರಿ ಸಾಹೇಬ್ರ. ಮೂರರ ಮ್ಯಾಲ ಪಾರ್ಸೆಲ್ ಒಮ್ಮೆಲೆ ಒಯ್ದು ಕೊಡಬಾರದು. ಹೆಚ್ಚಾದವು ಕೋಣ್ಯಾಗ ಇಟ್ಟಿರು, ಮಾವನೋರು ಹೊರಗ ಹೋದಾಗ ತಂದುಕೊಡು ಅಂತ ಸೊಸಿಯಂದ್ರು ಹೇಳ್ಯಾರ…" ಅಷ್ಟು ಹೇಳಿ ತಡೆದ. "ಅಯ್ಯ, ಸ್ಪೀಕರ್ ಹಾಕೀರೇನ್ರಿ?"

ಸೊಸೆಯಂದಿರಿಬ್ಬರೂ ಒಟ್ಟಿಗೆ ಗೇಟಿನಾಚೆ ಏನೋ ಕಂಡವರಂತೆ ತಿರುಗಿದರು. ಕೋಣೆಯ ಬೀಗ ಒಡೆಯುವುದು ಸರಿಯಲ್ಲ, ಪಾಪ, ಎಂದು ಮೊದಲು ಹೇಳಿದವರೂ ಅವರೇ. ಮುನಿರಾಜು ಸೊಸೆಯರನ್ನು ನೋಡಿದರು, ಕೋಣೆಯನ್ನು ನೋಡಿದರು, ಕೊನೆಗೆ ಎಲ್ಲರಿಗಿಂತ ಜೋರಾಗಿ ತಾವೇ ನಕ್ಕರು. "ಮದ್ವೆ ಮುಗಿಸ್ಕೊಂಡು ನಿಧಾನವಾಗಿ ಬಾರಪ್ಪಾ ಶರಣಪ್ಪ. ನಿನ್ ಕೋಣೆ ಎಲ್ಲೂ ಹೋಗಲ್ಲ" ಎಂದರು.

ಅಲ್ಲಿಗೆ ಸಭೆ ಮುಗಿಯಬಹುದಿತ್ತು. ಆದರೆ ಸ್ಟೆಲ್ಲಾ ಟೀಚರ್ ಬಿಡಲಿಲ್ಲ. "ಮೇಡಂ ಮನೆದು ಕೇಳಲಿಲ್ಲ ಅಲ್ವಾ?"

ಅದಕ್ಕೆ ನಾನು ಮೊದಲೇ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅದು ಕಳ್ಳರದಲ್ಲ ಎಂದು ತಿಳಿದಾಗಿನಿಂದ ಆ ಒಂದು ಗುರುತು ನನಗೆ ಒಳಗೊಳಗೇ ಖುಷಿ ಕೊಟ್ಟಿತ್ತು. "ಅದು ಭಾರದ ಗುರುತು. ಇಡೀ ಪೆಟ್ಟಿಗೆಯ ಸಮತೂಕ ಆ ಒಂದು ಜಾಗದ ಮೇಲೆ ನಿಂತಿರುತ್ತೆ. ಅಂದರೆ, ಈ ಕಟ್ಟಡದ ಮಟ್ಟಿಗೆ ನೋಡಿದರೆ…" ಎಂದು ಶುರುಮಾಡಿದೆ.

"ಶರಣಪ್ಪನೇ ಹೇಳ್ಲಿ ಮೇಡಂ" ಎಂದರು ಟೀಚರ್.

ಫೋನಿನಲ್ಲಿ ಸ್ವಲ್ಪ ಹೊತ್ತು ಮದುವೆ ಮನೆಯ ಗದ್ದಲವಷ್ಟೇ ಕೇಳಿಸಿತು. "ಅಮ್ಮಾರು ಅಲ್ಲೇ ಅದಾರೇನ್ರಿ?" ಇದ್ದಾರೆ, ಹೇಳು ಎಂದರು ಅಧ್ಯಕ್ಷರು. "ಹಂಗಾರ ನಂದೇನೂ ಸೇರಸಂಗಿಲ್ರಿ. ಅಮ್ಮಾರು ಪಾಠದಾಗ ಹೇಳಿದ್ದನ್ನ ಹೇಳ್ತೀನಿ. ಆ ಗುರುತು ಇದ್ದ ಕಡಿ ನೋಡಿ ಹಿಡೀಬೇಕು. ಹ್ಯಾಂಗ ಬೇಕೋ ಹಂಗ ಹಿಡದ್ರ ಇಡೀ ಪೆಟ್ಟಿಗಿ ಮಗುಚಿ ಕಾಲ ಮ್ಯಾಲ ಬೀಳ್ತದ."

ಹನ್ನೆರಡು ಮನೆಯವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬೆಳಿಗ್ಗೆ ಐದೂವರೆಯಿಂದ ಮಗುಚಿ ಬಿದ್ದಿದ್ದ ಪೆಟ್ಟಿಗೆ ಅವರೆಲ್ಲರ ಕಣ್ಣ ಮುಂದೆಯೇ ಇತ್ತು. ಮೊದಲು ನಕ್ಕವರು ಅಜ್ಜ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಸುಲಭ: ನಾನು, ಮತ್ತು ಏನೂ ಕೇಳಿಸದ ಬದಲಿ ತಾತ.

ಎಂಟು ದಿನವಾದ ಮೇಲೆ ಶರಣಪ್ಪ ಶೇಂಗಾ ಹೋಳಿಗೆಯ ಗಂಟು ಹಿಡಿದು ವಾಪಸು ಬಂದ. ಹೋಳಿಗೆಯನ್ನು ಮುರಿದು, ಮೂಸಿ ನೋಡಿ, ತಿಂದೆ, ದೋಷವೇನೂ ಕಾಣಲಿಲ್ಲ. ಗೋಡೆಯ ಗುರುತುಗಳನ್ನು ಅಳಿಸಬೇಕೇ ಎಂದು ಅವನೇ ಮನೆಮನೆಗೆ ಹೋಗಿ ಕೇಳಿದ. ಯಾರೂ ಅಳಿಸಗೊಡಲಿಲ್ಲ. ಪಾರ್ಸೆಲ್ ತರುವವರೂ ಈಗ ಗೋಡೆ ನೋಡಿಯೇ ನಡೆದುಕೊಳ್ಳುತ್ತಾರೆ; ನಮ್ಮ ಮನೆಯ ಮುಂದೆ ಮಾತ್ರ ಕರೆಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

ಮೇಣದ ಪೆನ್ಸಿಲಿನ ಗೆರೆ ನೀರಿಗೆ ಹೋಗುವುದಿಲ್ಲ, ಸೀಮೆಎಣ್ಣೆಯೇ ಬೇಕು. ಶರಣಪ್ಪ ಬಂದ ಮಾರನೆಯ ಬೆಳಿಗ್ಗೆ ಐದೂವರೆಗೆ ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ಬಾಗಿಲು ತೆರೆದೆ. ಒರೆಸಲು ಕೈ ಎತ್ತಿದವಳು, ಹಳೆಯ ಅಭ್ಯಾಸ, ಒಂದು ಸಲ ಅಳತೆ ನೋಡಿದೆ. ದುಂಡು ದುಂಡಾಗಿತ್ತು. ಗೆರೆಗಳು ನೆಟ್ಟಗಿದ್ದು ನಟ್ಟನಡುವೆ ಒಂದನ್ನೊಂದು ದಾಟಿದ್ದವು. ಹೊರುವವನ ಕಣ್ಣಿನ ಮಟ್ಟದಲ್ಲೇ ಇತ್ತು. ಜಾಗದ ವಿಷಯಕ್ಕೆ ಬಂದರೆ, ಭಾರ ಎಲ್ಲಿದೆಯೋ ಅಲ್ಲೇ ಗುರುತಿರಬೇಕೆಂಬುದು ನಿಯಮ. ಎಷ್ಟು ಹುಡುಕಿದರೂ ತಿರಸ್ಕರಿಸಲು ಕಾರಣ ಸಿಗಲಿಲ್ಲ. ಒಳಗೆ ಹೋಗಿ ಬಟ್ಟೆಯಿಟ್ಟು ಪೆನ್ಸಿಲು ತಂದೆ. ಮೆಟ್ಟಿಲ ಮೇಲೆ, ಕೆಳಗೆ ಎರಡೆರಡು ಸಲ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗುರುತಿನ ಕೆಳಗೆ ನನ್ನ ಚಿಕ್ಕ ಸಹಿ ಹಾಕಿದೆ.

ಬಾಗಿಲಿನ ಕಿಂಡಿಯ ಹಿಂದೆ ಏನೋ ಕದಲಿದಂತಾಯಿತು. ಒಳಗೆ ಬಂದರೆ ಯಜಮಾನರು ಪೇಪರು ಓದುತ್ತಿದ್ದರು. ಪೇಪರು ಹಿಂದಿನ ದಿನದ್ದು. ಎದ್ದು ಹೋಗಿ ಕಾಫಿ ಬೆರೆಸಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಭಾರ ಎಲ್ಲಿದೆಯೆಂದು ನೋಡಿಕೊಂಡು, ನಿಧಾನವಾಗಿ ತಂದು ನನ್ನ ಮುಂದಿಟ್ಟರು.